ಗುರುವಾರದ ಜರ್ಮನಿ

ಶಂಕರಪುರದ ನಮ್ಮ ಬೀದಿಯ ಶೀನಣ್ಣ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅವನಲ್ಲಿದ್ದ ದೋಷ ಒಂದೇ. ತನಗೆ ಒಂದು ವಿಷಯ ಗೊತ್ತಿಲ್ಲ ಎಂಬ ಮಾತನ್ನು ಅವನ ಬಾಯಿಂದ ಕೇಳಿದವರು ಯಾರೂ ಇರಲಿಲ್ಲ.

ವಿಧಾನಸೌಧ ಆಗಿನ್ನೂ ಹೊಸದು. ಅದರ ಹಿಂಬದಿಯ ಒಂದು ಕೋಣೆಯಲ್ಲಿ, ಕಾಲು ಮುರಿದ ಕುರ್ಚಿ ಮೇಜುಗಳ ದುರಸ್ತಿಯನ್ನು ನೋಡಿಕೊಳ್ಳುವ ಸೆಕ್ಷನ್ನಿನಲ್ಲಿ, ಶೀನಣ್ಣ ಗುಮಾಸ್ತ. ಆದರೆ ಬೀದಿಯ ಜನಕ್ಕೆ ಕೋಣೆ ಯಾವುದು, ಸೆಕ್ಷನ್ ಯಾವುದು ಎಂಬ ಭೇದವೆಲ್ಲಿ? ಅವರ ಪಾಲಿಗೆ ಅವನು 'ವಿಧಾನಸೌಧದವನು'. ಅಕ್ಕಿ ಬೆಲೆ ಇಳಿಯುತ್ತದೆಯೇ, ಮೈಸೂರಿಗೆ ಇನ್ನೊಂದು ರೈಲು ಬಿಡುತ್ತಾರೆಯೇ, ಬೀದಿಯ ದೀಪ ಯಾವಾಗ ಹತ್ತುತ್ತದೆ, ಎಲ್ಲವನ್ನೂ ಅವನನ್ನೇ ಕೇಳುತ್ತಿದ್ದರು. ಶೀನಣ್ಣ ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, "ಅದನ್ನ ನಾನು ಹೇಳೋ ಹಾಗಿಲ್ಲ" ಎನ್ನುತ್ತಿದ್ದ. ಅದು ಸತ್ಯವೇ. ಗೊತ್ತಿಲ್ಲದ್ದನ್ನು ಯಾರಾದರೂ ಹೇಗೆ ಹೇಳಿಯಾರು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದ್ದ ಈ ಮಾತಿನಿಂದ ಅವನ ಗೌರವ ಬೆಳೆಯಿತು. ಒಮ್ಮೆ ಎದುರುಮನೆಯ ವಿಶಾಲಮ್ಮ ಮಧ್ಯಾಹ್ನದ ತಿಂಡಿ ಏನಿತ್ತೆಂದು ಕೇಳಿದಾಗಲೂ ಅಭ್ಯಾಸಬಲದಿಂದ ಅದೇ ಉತ್ತರ ಬಂತು. ಸರ್ಕಾರದಲ್ಲಿ ತಿಂಡಿಯೂ ಗುಟ್ಟಿನದೇ ಎಂದು ಆಕೆ ಭಕ್ತಿಯಿಂದ ತಲೆಯಾಡಿಸಿದರು.

ಐವತ್ತೊಂಬತ್ತನೆಯ ಇಸವಿಯ ಆಷಾಢದ ಒಂದು ಸಂಜೆ. ನಮ್ಮ ಬೀದಿಯ ವಾಚನಾಲಯದ ಜಗಲಿಯ ಮೇಲೆ ಎಂದಿನ ಮಂಡಳಿ ಕೂತಿತ್ತು. ಮಧ್ಯದಲ್ಲಿ ಚಾಮರಾಜಪೇಟೆಯ ರೇವಣಸಿದ್ದಯ್ಯನವರು. ಚಿಕ್ಕಪೇಟೆಯಲ್ಲಿ ತಲೆತಲಾಂತರದ ಜವಳಿ ಅಂಗಡಿ, ಹಣೆಯ ಮೇಲೆ ಅಗಲವಾದ ವಿಭೂತಿ, ವಾಚನಾಲಯಕ್ಕೆ ಅಧ್ಯಕ್ಷರು, ಅವರ ತಂದೆ ಕಟ್ಟಿಸಿದ ಛತ್ರಕ್ಕೆ ಧರ್ಮದರ್ಶಿಗಳು. ಅವರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಇಟಲಿ ದೇಶದ ಟೂರಿನ್ ಎಂಬ ಪಟ್ಟಣದಲ್ಲಿ ಆಗಸ್ಟ್ ಕೊನೆಗೆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಕ್ರೀಡಾಕೂಟವಂತೆ. ನಲವತ್ತಕ್ಕೂ ಹೆಚ್ಚು ದೇಶಗಳಿಂದ ಓಡುವವರು, ನೆಗೆಯುವವರು, ಈಜುವವರು ಬರುತ್ತಾರಂತೆ.

"ವಿದ್ಯಾರ್ಥಿಗಳು ಅಂದ್ರಲ್ಲ, ಅವರ ಊಟ?" ಎಂದು ಶೀನಣ್ಣ ಕೇಳಿದ.

ಈ ಪ್ರಶ್ನೆ ಏಕೆ ಬಂತೆಂದು ತಿಳಿಯಬೇಕಾದರೆ ಅವನು ಓದಿದ ಬಗೆ ತಿಳಿದಿರಬೇಕು. ಹಳ್ಳಿಯಿಂದ ಬಂದ ಬಡ ಹುಡುಗರು ದಿನಕ್ಕೊಂದು ಮನೆಯಂತೆ ವಾರವಿಡೀ ಊಟ ಮಾಡಿ ಓದುವ ವಾರಾನ್ನದ ಪದ್ಧತಿ ಶಂಕರಪುರದಲ್ಲಿ ಬಹಳ ದಿನ ನಡೆದದ್ದು. ಶೀನಣ್ಣ ಹಾಗೆ ಓದಿ ಇಂಟರ್‌ಮೀಡಿಯೆಟ್ ಮುಗಿಸಿದವನು. ಆರು ದಿನಕ್ಕೆ ಮನೆ ಸಿಕ್ಕಿತ್ತು, ಗುರುವಾರಕ್ಕೆ ಮಾತ್ರ ಸಿಕ್ಕಿರಲಿಲ್ಲ. ಕೇಳಿದವರಿಗೆಲ್ಲ ರಾಯರ ಉಪವಾಸ ಎನ್ನುತ್ತಿದ್ದ. ವಿದ್ಯಾರ್ಥಿ ಎಂದರೆ ವಾರಾನ್ನ ಎಂದು ಅವನ ಹೊಟ್ಟೆ ಆಗಲೇ ಕಲಿತುಬಿಟ್ಟಿತ್ತು.

"ಊಟಕ್ಕೆ ಅವರೇನೋ ಮಾಡ್ಕೊಂಡಿರ್ತಾರೆ ಬಿಡಿ ಸ್ವಾಮಿ," ಎಂದರು ರೇವಣಸಿದ್ದಯ್ಯನವರು.

"ಏನು ಮಾಡ್ಕೊಂಡಿರ್ತಾರೆ? ಅಷ್ಟು ದೇಶದ ಹುಡುಗರಿಗೆ ಸೋಮವಾರ ಯಾರ ಮನೆ, ಮಂಗಳವಾರ ಯಾರ ಮನೆ, ಯಾರು ಹೇಳೋರು? ಅಲ್ಲಿ ವಾರಾನ್ನ ಇದೆಯೇನು? ಓಡೋ ಹುಡುಗ ಹಸ್ಕೊಂಡು ಹೇಗೆ ಓಡ್ತಾನೆ? ನೋಡ್ತಿರಿ, ಟೂರಿನ್‌ನೋರು ಕೈಚೆಲ್ಲಿ ಕೂತ್ಕೋತಾರೆ. ಅದೇ ನಮ್ಮ ಬೀದಿ ಆಗಿದ್ರೆ ಒಂದು ದಿನದಲ್ಲಿ ಹಂಚಿ ಬಿಸಾಕ್ತಿದ್ವಿ."

"ಹಾಗಾದ್ರೆ ಆ ಕೂಟ ನಮ್ಮೂರಿಗೆ ಬರುತ್ತೆ ಅಂತೀರಾ?"

ಇಲ್ಲ ಎಂದುಬಿಟ್ಟಿದ್ದರೆ ಈ ಕಥೆಯೇ ಇಲ್ಲ. ಶೀನಣ್ಣ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.

"ಅದನ್ನ ನಾನು ಹೇಳೋ ಹಾಗಿಲ್ಲ."

ರೇವಣಸಿದ್ದಯ್ಯನವರು ಪತ್ರಿಕೆಯನ್ನು ಮಡಿಸಿ ತೊಡೆಯ ಕೆಳಗಿಟ್ಟುಕೊಂಡರು.

ಮರುದಿನ ಹಾಲಿನವನು ಬರುವ ಹೊತ್ತಿಗೆ ವಿಶಾಲಮ್ಮನ ಬಾಯಲ್ಲಿ ಸುದ್ದಿ ಪಕ್ವವಾಗಿತ್ತು. ಟೂರಿನ್‌ನವರು ಅನ್ನ ಹಾಕಲಾರೆವೆಂದು ಕೈಮುಗಿದಿದ್ದಾರೆ, ಕೂಟ ಬೆಂಗಳೂರಿಗೆ ಬರುತ್ತಿದೆ, ಊಟ ಶಂಕರಪುರದ್ದು, ವಿಧಾನಸೌಧದಲ್ಲಿ ಎಲ್ಲ ಏರ್ಪಾಡೂ ಶೀನಣ್ಣನದೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಬೀದಿಯನ್ನು ಮೀರಿಸಿದವರಿಲ್ಲ. ಸಂಜೆಯೊಳಗೆ ದೇಶಗಳ ಹಂಚಿಕೆ ಶುರುವಾಯಿತು.

ಜಪಾನನ್ನು ವಿಶಾಲಮ್ಮ ಮೊದಲೇ ಹಿಡಿದುಕೊಂಡರು. ಅವರು ಅನ್ನ ತಿನ್ನುವ ಜನ, ಸಾರು ಮಾಡಿ ಹಾಕಿದರೆ ತಕರಾರಿಲ್ಲ ಎಂಬುದು ಆಕೆಯ ಲೆಕ್ಕ. ರಷ್ಯಾದವರು ಭಾರೀ ಆಳುಗಳೆಂದು ಕೇಳಿದ್ದರಿಂದ ಒಂದೊಂದು ರಷ್ಯನಿಗೆ ಎರಡೆರಡು ಮನೆ ಸೇರಿ ಎಲೆ ಹಾಕುವುದೆಂದಾಯಿತು. ಚಾಮರಾಜಪೇಟೆಯ ಗರಡಿಯ ಉಸ್ತಾದ್ ದೊಡ್ಡಬೈರಪ್ಪ ಅಲ್ಲಿಂದ ನಡೆದುಬಂದು, "ಇರಾನಿನ ಪೈಲ್ವಾನರು ಯಾವ ವಾರ ಬಂದರೂ ನನಗೇ ಇರ್ಲಿ ಬುದ್ಧಿ, ಬಾದಾಮಿ ನಾನು ಅರೀತೀನಿ" ಎಂದು ಹೇಳಿ ಹೋದ. ನಮ್ಮ ಮನೆಗೆ ಬುಧವಾರದ ಪೋರ್ಚುಗಲ್ ಬಂತು. ಇಂಗ್ಲೆಂಡನ್ನು ಮಾತ್ರ ಯಾರೂ ಮುಟ್ಟಲಿಲ್ಲ. "ಇನ್ನೂರು ವರ್ಷ ಉಂಡು ಹೋದದ್ದು ಸಾಲದೇನು?" ಎಂದರು ಎಲ್ಲರೂ.

ಜರ್ಮನಿಗೆ ಮಾತ್ರ ಜಗಳ. ಜರ್ಮನಿಯವರಿಗೆಲ್ಲ ಸಂಸ್ಕೃತ ಬರುತ್ತದೆ, ನಮ್ಮ ವೇದಗಳೆಲ್ಲ ಅಲ್ಲಿಯೇ ಇವೆ ಎಂಬ ನಂಬಿಕೆ ಆಗ ಪ್ರತಿಯೊಂದು ಮನೆಯ ಜಗಲಿಯ ಮೇಲೂ ಇತ್ತು. ಆ ಜಗಳವನ್ನು ಮುಗಿಸಿದವರು ಶೀನಣ್ಣನ ಸೋದರತ್ತೆ ಕಲ್ಯಾಣಮ್ಮ. ಕೆಂಪು ಸೀರೆಯ ಮಡಿ ಹೆಂಗಸು. ತಾವು ಬಾವಿಯಿಂದ ಸೇದಿದ ನೀರಲ್ಲದೆ ಬೇರೆ ಮುಟ್ಟದವರು.

"ಜರ್ಮನಿ ನಂದು. ಗುರುವಾರ," ಎಂದರು.

"ಅತ್ತೆ, ನಿಮ್ಮ ಮಡಿ?" ಎಂದಳು ಶೀನಣ್ಣನ ಹೆಂಡತಿ ಜಾನಕಮ್ಮ. "ಸಮುದ್ರ ದಾಟಿ ಬಂದೋನಿಗೆ ಎಲೆ ಹಾಕ್ತೀರಾ?"

"ಸಮುದ್ರ ದಾಟಬಾರದು ಅಂತ ಶಾಸ್ತ್ರ ಹೇಳಿರೋದು ಇಲ್ಲಿಂದ ಅಲ್ಲಿಗೆ ಹೋಗೋನಿಗೆ. ಅಲ್ಲಿಂದ ಇಲ್ಲಿಗೆ ಬರೋನಿಗೆ ಏನೂ ಹೇಳಿಲ್ಲ. ನಡುಮನೇಲಿ ಕೂತ್ಕೊಂಡು ಉಣ್ಣಲಿ. ಏನು ಆಡ್ತಾನಂತೆ ಅವನು?"

"ಎತ್ತರ ನೆಗೀತಾನೆ ಅಂತ ಇಟ್ಕೊಳ್ಳಿ," ಎಂದ ಶೀನಣ್ಣ ಮೆಲ್ಲಗೆ.

"ಹಾಗಿದ್ರೆ ಹುಗ್ಗಿ ಬೇಡ, ಭಾರ. ಹೆಸರುಬೇಳೆ ತೊವ್ವೆ ಮಾಡ್ತೀನಿ."

"ಗುರುವಾರಾನೇ ಯಾಕೆ ಅತ್ತೆ?"

ಕಲ್ಯಾಣಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ನೀನು ಓದೋವಾಗ ನಾನು ಊರಲ್ಲಿದ್ದೆ ಕಣೋ ಶೀನ. ಗುರುವಾರ ನಿನಗೆ ಮನೆ ಸಿಕ್ಕಿಲ್ಲ ಅಂತ ನಂಗೆ ಯಾರೂ ಹೇಳಲಿಲ್ಲ. ರಾಯರ ಉಪವಾಸ ಅಂದ್ಕೊಂಡಿದ್ದೆ. ಆ ವಾರ ನಂದು."

ಕೂಟ ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದ ಶೀನಣ್ಣ, ಅದನ್ನು ಮುಚ್ಚಿಕೊಂಡು ಹಿತ್ತಲಿಗೆ ಹೋದ.

ಆ ವಾರದ ಕೊನೆಗೆ ಬಡಾವಣೆಯ ಹೆಲ್ತ್ ಇನ್ಸ್‌ಪೆಕ್ಟರು ಚಂದ್ರಶೇಖರಯ್ಯ ಸೈಕಲ್ ಇಳಿದು ಶೀನಣ್ಣನ ಮನೆಯ ಮುಂದೆ ನಿಂತರು. ಇಷ್ಟು ದೊಡ್ಡ ವಿಷಯ ತಮಗೆ ತಿಳಿದಿಲ್ಲವೆಂದು ತೋರಿಸಿಕೊಳ್ಳುವುದು ಅವರ ಹುದ್ದೆಗೆ ಕುಂದು. ತಿಳಿದಿದೆ ಎನ್ನೋಣವೆಂದರೆ ಏನೂ ತಿಳಿಯದು. ಮೇಲಿನವರನ್ನು ಕೇಳಿದರೆ, 'ನಿಮಗೆ ಇನ್ನೂ ಗೊತ್ತಿಲ್ಲವೇ' ಎಂದುಬಿಟ್ಟರೆ?

"ಮೇಲಿಂದ ಏನಾದ್ರೂ ಬಂತೇ ಶೀನಣ್ಣನೋರೆ?"

"ನಿಮಗೆ ಬಂದಿರಬೇಕಲ್ಲ," ಎಂದ ಶೀನಣ್ಣ ಎಚ್ಚರಿಕೆಯಿಂದ.

"ನಮಗೆ ಬರೋದು ಬಂದಿದೆ. ನಿಮಗೆ ಬಂದದ್ದು ಏನು ಅಂತ ಕೇಳ್ದೆ."

"ನಿಮಗೆ ಏನು ಬಂದಿದ್ಯೋ ನಮಗೂ ಅದೇ."

"ಹಾಗಿದ್ರೆ ಸರಿ."

"ಹಾಗಿದ್ರೆ ಸರಿ."

ಇಬ್ಬರೂ ಇನ್ನೊಬ್ಬನಿಗೆ ಎಲ್ಲ ಗೊತ್ತಿದೆಯೆಂದು ಖಾತರಿ ಮಾಡಿಕೊಂಡು ನಮಸ್ಕಾರ ಹೇಳಿದರು. ಶೀನಣ್ಣನಿಗೆ ಒಂದು ಗಳಿಗೆ ಕೂಟ ನಿಜವಾಗಿಯೂ ಬರುತ್ತಿದೆಯೋ ಏನೋ ಎಂಬ ಅನುಮಾನವೂ ಬಂತು. ಸೋಮವಾರ ಬೆಳಿಗ್ಗೆ ಗುದ್ದಲಿ ಹಿಡಿದ ಆಳುಗಳು ಬಂದರು. ನಮ್ಮ ಬೀದಿಯ ಮೋರಿ, ಎಷ್ಟು ಅರ್ಜಿ ಕೊಟ್ಟರೂ ಅಲ್ಲಾಡದೆ ನಿಂತಿದ್ದ ಮೋರಿ, ಮೂರು ದಿನದಲ್ಲಿ ಹರಿಯತೊಡಗಿತು. ಅದರ ಸದ್ದು ಕೇಳಿ ಹಳಬರು ಕಣ್ಣೊರೆಸಿಕೊಂಡರು. ಮೋರಿ ಹರಿದ ಮೇಲೆ ಸುದ್ದಿಯನ್ನು ನಂಬದವರು ಯಾರೂ ಉಳಿಯಲಿಲ್ಲ. ಇಂಗ್ಲೆಂಡನ್ನು ಚಂದ್ರಶೇಖರಯ್ಯನವರಿಗೇ ಕೊಟ್ಟರು. ಸರ್ಕಾರಿ ನೌಕರರಾದ್ದರಿಂದ ಅವರು ಬೇಡವೆನ್ನುವಂತಿರಲಿಲ್ಲ.

ಇಲ್ಲಿಯವರೆಗೆ ಯಾರಿಗೂ ನಷ್ಟವಾಗಿರಲಿಲ್ಲ. ಆಮೇಲೆ ರೇವಣಸಿದ್ದಯ್ಯನವರು ಔದಾರ್ಯಕ್ಕೆ ಕೈಹಾಕಿದರು.

ಶೀನಣ್ಣನ ಒಬ್ಬಳೇ ಮಗಳು ಚೂಡಾಮಣಿಗೆ ಜ್ಯೇಷ್ಠದಲ್ಲಿ ನಿಶ್ಚಿತಾರ್ಥವಾಗಿತ್ತು. ಗಂಡಿನ ತಂದೆ ಮಲ್ಲೇಶ್ವರದ ರಾಮಸ್ವಾಮಿಗಳು, ನಿವೃತ್ತ ಹೆಡ್‌ಮಾಸ್ಟರು. ಹುಡುಗ ಇಂಜಿನಿಯರು. ಒರಿಸ್ಸಾದ ರೂರ್ಕೆಲಾದಲ್ಲಿ ಹೊಸದಾಗಿ ಎದ್ದಿದ್ದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಸೆಪ್ಟೆಂಬರಿಗೆ ಹೋಗಿ ಸೇರಬೇಕು. ಹೋಗುವ ಮೊದಲು ಮದುವೆ, ಶ್ರಾವಣದ ಕೊನೆಯ ಲಗ್ನದಲ್ಲಿ, ರೇವಣಸಿದ್ದಯ್ಯನವರ ಛತ್ರದಲ್ಲಿ. ಸಸ್ಯಾಹಾರಿಗಳು ಯಾರು ಕೇಳಿದರೂ ಆ ಛತ್ರ ಸಿಗುತ್ತಿತ್ತು. ಮದುವೆ ಮಾಡಿ ನೋಡು ಎಂಬ ಗಾದೆಯ ಭಾರವನ್ನೆಲ್ಲ ಜಾನಕಮ್ಮ ಹೊತ್ತುಕೊಂಡು, ಹಪ್ಪಳ ಸಂಡಿಗೆ ಒಣಗಿಸಿ, ಡಬ್ಬಗಳಿಗೆ ತುಂಬಿಸಿಟ್ಟಿದ್ದಳು.

ಒಂದು ಬೆಳಿಗ್ಗೆ ರೇವಣಸಿದ್ದಯ್ಯನವರು ಮುಖ ಅರಳಿಸಿಕೊಂಡು ಬಂದರು.

"ಶೀನಣ್ಣನೋರೆ, ನಿಮ್ಮ ಕಾರ್ಯಕ್ಕೆ ನನ್ನದೊಂದು ಸೇವೆ. ಹುಡುಗರು ಉಣ್ಣೋದಕ್ಕೆ ಬೀದಿ ಇದೆ, ಮಲಗೋದಕ್ಕೆ? ನನ್ನ ಛತ್ರ ಕೊಟ್ಟುಬಿಟ್ಟೆ. ಶ್ರಾವಣ ಪೂರ್ತಿ ಸುಣ್ಣ, ಬಣ್ಣ, ಹೆಂಚು. ಎಲ್ಲಾ ಮದುವೆಗಳನ್ನೂ ಬೇಡ ಅಂದ್ಬಿಟ್ಟೆ."

"ಎಲ್ಲಾನೂ?"

"ಎಲ್ಲಾನೂ. ನಿಮ್ಮದನ್ನ ಮೊದಲು ತೆಗೆದೆ. ಇಲ್ದಿದ್ರೆ, ತನ್ನ ಮಗಳ ಮದುವೆಗೆ ಮಾತ್ರ ಇಟ್ಕೊಂಡ ಅಂತ ನಾಳೆ ನಿಮ್ಮನ್ನ ಆಡ್ಕೋತಾರಲ್ಲ, ಅದಕ್ಕೆ."

ಶೀನಣ್ಣ ಕನ್ನಡಕ ತೆಗೆದ. ಒರೆಸುವುದಕ್ಕೆ ಪಂಚೆಯ ಅಂಚು ಸಿಗಲಿಲ್ಲ.

ಒಳಗಿನಿಂದ ಜಾನಕಮ್ಮನ ಕೈಯ ಪಾತ್ರೆ ಬಿದ್ದ ಸದ್ದು ಬಂತು. ರೇವಣಸಿದ್ದಯ್ಯನವರು ಹೋದ ಮೇಲೆ ಅವಳು ಬಾಗಿಲಲ್ಲಿ ನಿಂತು ಮೆತ್ತಗಿನ ದನಿಯಲ್ಲಿ ಮಾತಾಡಿದಳು. ಅವಳು ಕೂಗಾಡಿದ್ದರೆ ಶೀನಣ್ಣನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಕೇಳಿಸ್ಕೊಳ್ಳಿ. ಊರಲ್ಲಿ ಬೇರೆ ಒಂದು ಛತ್ರ ಆ ದಿನಕ್ಕೆ ಖಾಲಿ ಇಲ್ಲ. ಈ ಲಗ್ನ ತಪ್ಪಿದ್ರೆ ಭಾದ್ರಪದ, ಲಗ್ನಾನೇ ಇಲ್ಲ. ಹುಡುಗ ಹೋದ್ರೆ ಮತ್ತೆ ರಜ ಸಿಗೋದು ವರ್ಷಕ್ಕಂತೆ. ಮಗನ್ನ ಒಂಟಿಯಾಗಿ ಕಳಿಸಲ್ಲ ಅಂತ ಬೀಗಿತ್ತಿ ಹಟ ಹಿಡಿದಿದಾರೆ. ತುಮಕೂರಿಂದ ಇನ್ನೊಂದು ಜಾತಕ ಬಂದಿದೆ ಅಂತ ಮೊನ್ನೆ ಬೇಕಂತಲೇ ನನ್ನ ಕಿವಿಗೆ ಬೀಳೋ ಹಾಗೆ ಅಂದ್ರು. ನಲವತ್ತು ದೇಶ ನಂಗೆ ಬೇಡ. ನಂಗೆ ಒಂದು ಮದುವೆ ಬೇಕು."

ಚೂಡಾಮಣಿ ಎದ್ದು ಅಡಿಗೆಗೆ ಕೂತಳು. ಆ ದಿನದ ಹುಳಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಶೀನಣ್ಣ ಅದನ್ನು ಪೂರ್ತಿ ಉಂಡ. ತಾನು ತೋಡಿದ ಗುಂಡಿಗೆ ತಾನು ಬಿದ್ದರೆ ಹೋಗಲಿ ಎನ್ನಬಹುದು, ಆದರೆ ಬಿದ್ದಿದ್ದವಳು ಮಗಳು. ಆ ಭಾನುವಾರ ಕೂಟದ ಏರ್ಪಾಡಿಗೆಂದು ಛತ್ರದಲ್ಲಿ ಸಭೆ ಸೇರುವುದಿತ್ತು. ಎಲ್ಲರೆದುರಿಗೆ ನಿಜ ಹೇಳಿಬಿಡುವುದು ಎಂದು ತೀರ್ಮಾನಿಸಿದ. ನಮ್ಮ ಬೀದಿಯ ಇತಿಹಾಸದಲ್ಲಿ ಇಂಥ ಧೈರ್ಯ ಇನ್ನೊಬ್ಬ ಮಾಡಿದ್ದನ್ನು ನಾನು ಕಾಣೆ.

ಸಭೆಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಛತ್ರದ ಹಜಾರ ತುಂಬಿತ್ತು. ಗೋಡೆಗೆ ಅರ್ಧ ಸುಣ್ಣವಾಗಿತ್ತು. ರೇವಣಸಿದ್ದಯ್ಯನವರು ಜರಿಯ ರುಮಾಲು ಸುತ್ತಿ ಎದ್ದು, "ಈಗ ವಿಧಾನಸೌಧದ ಪರವಾಗಿ ಶೀನಣ್ಣನವರು ಎರಡು ಮಾತಾಡ್ತಾರೆ" ಎಂದರು.

ಶೀನಣ್ಣ ಎದ್ದ. ಕನ್ನಡಕವನ್ನು ಮುಟ್ಟಲಿಲ್ಲ.

"ಮಹನೀಯರೇ, ನನಗೆ ಏನೂ ಗೊತ್ತಿಲ್ಲ."

ಸಭೆ ಮೆಚ್ಚುಗೆಯಿಂದ ಗುಜುಗುಜು ಎಂದಿತು.

"ನಿಜವಾಗ್ಲೂ ಗೊತ್ತಿಲ್ಲ. ಆ ಕೂಟ ನಡಿಯೋದು ಟೂರಿನ್‌ನಲ್ಲೇ. ನಮ್ಮೂರಿಗೆ ಯಾರೂ ಬರಲ್ಲ. ನಾನು ವಿಧಾನಸೌಧದಲ್ಲಿ ಮುರಿದ ಕುರ್ಚಿ ಲೆಕ್ಕ ಇಡ್ತೀನಿ."

"ನೋಡಿದ್ರಾ," ಎಂದರು ಚಂದ್ರಶೇಖರಯ್ಯ ಪಕ್ಕದವರಿಗೆ. "ಸರ್ಕಾರದ ಮನುಷ್ಯ ಅಂದ್ರೆ ಹೀಗಿರ್ಬೇಕು. ಪ್ರಕಟಣೆ ಆಗೋವರೆಗೂ ಹೀಗೇ ಹೇಳೀಂತ ನಮಗೂ ಆರ್ಡರು."

"ಕುರ್ಚಿ ಅಂದ್ರಲ್ಲ," ಎಂದರು ವಿಶಾಲಮ್ಮ. "ಹುಡುಗರು ಕೂತ್ಕೊಳ್ಳೋಕೆ ಕುರ್ಚೀನೂ ಅಲ್ಲಿಂದಲೇ ಬರ್ತವಂತೆ."

ಚಪ್ಪಾಳೆ ಬಿತ್ತು. ರೇವಣಸಿದ್ದಯ್ಯನವರು ಶೀನಣ್ಣನ ಕೊರಳಿಗೆ ಸುಗಂಧರಾಜದ ಹಾರ ಹಾಕಿದರು. ಜೀವಮಾನದಲ್ಲಿ ಮೊದಲ ಸಲ ಗೊತ್ತಿಲ್ಲ ಎಂದವನಿಗೆ ಹಾರ ಹಾಕಿ ಕೂರಿಸಿದರೆ ಅವನು ಏನು ಮಾಡಬೇಕು? ಹಾರದ ಒಳಗಿನಿಂದ ಅವನು ಹೆಂಗಸರ ಕಡೆ ನೋಡಿದ. ಜಾನಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಪಕ್ಕದಲ್ಲಿ, ಯಾರೂ ತಾಕದಷ್ಟು ದೂರದಲ್ಲಿ, ತಮ್ಮದೇ ಮಣೆಯ ಮೇಲೆ ಕೂತಿದ್ದ ಕಲ್ಯಾಣಮ್ಮ ಎದ್ದು ನಿಂತರು.

"ರೇವಣಸಿದ್ದಯ್ಯನೋರೆ, ನಂದೊಂದು ಮಾತು. ಇಲ್ಲಿರೋರಲ್ಲಿ ಪರದೇಶದೋರಿಗೆ ಬಡಿಸಿ ಅಭ್ಯಾಸ ಇರೋರು ಯಾರಿದೀರಿ?"

ಯಾರೂ ಇರಲಿಲ್ಲ.

"ನಾಟಕದೋರೂ ಆಡೋಕೆ ಮುಂಚೆ ಒಂದು ಸಲ ರಿಹರ್ಸಲ್ ಮಾಡ್ತಾರೆ. ನೀವು ನೇರವಾಗಿ ಪ್ರಪಂಚಕ್ಕೆ ಬಡಿಸೋಕೆ ಹೊರಟಿದೀರಿ. ಸಾರು ಸಾಲದೆ ಹೋದ್ರೆ ಮಾನ ಹೋಗೋದು ಯಾರದ್ದು?"

"ಬೀದೀದು," ಎಂದರು ರೇವಣಸಿದ್ದಯ್ಯನವರು ಕಳವಳದಿಂದ. "ಹಾಗಾದ್ರೆ ಏನು ಮಾಡೋದು ತಾಯಿ?"

"ಒಂದು ಮದುವೆ ಮಾಡಿ. ಮದುವೆ ಅಂದ್ರೆ ಏನು? ಗುರುತಿಲ್ಲದ ಜನ ಗುಂಪಾಗಿ ಬರ್ತಾರೆ. ಬಂದ ಗಳಿಗೆಗೆ ಬಿಸಿನೀರು ಕೇಳ್ತಾರೆ. ಕಾಫಿ ಕೊಟ್ರೆ ಆರಿದೆ ಅಂತಾರೆ, ಹಾಸಿಗೆ ಕೊಟ್ರೆ ತಿಗಣೆ ಅಂತಾರೆ, ಏನು ಬಡಿಸಿದ್ರೂ ಮೂಗು ಮುರೀತಾರೆ. ಪರದೇಶದೋರು ಇದಕ್ಕಿಂತ ಹೆಚ್ಚಿಗೆ ಇನ್ನೇನು ಮಾಡಿಯಾರು? ಗಂಡಿನ ಕಡೆಯೋರನ್ನ ಸಂಭಾಳಿಸಿದ ಬೀದಿ ಪ್ರಪಂಚಾನ ಸಂಭಾಳಿಸುತ್ತೆ."

ಹೆಂಗಸರ ಕಡೆಯಿಂದ ಒಪ್ಪಿಗೆಯ ಉಸಿರು ಒಟ್ಟಿಗೇ ಬಂತು.

"ಮದುವೆಗೆ ಎಲ್ಲಿ ಹೋಗೋದು, ಈಗ?" ಎಂದರು ರೇವಣಸಿದ್ದಯ್ಯನವರು. ಆಮೇಲೆ ಹಾರದ ಒಳಗಿದ್ದ ಶೀನಣ್ಣನ ಕಡೆ ತಿರುಗಿದರು. ಅವರ ಮುಖದ ಮೇಲೆ ಬೆಳಕು ನಿಧಾನವಾಗಿ ಬಂತು. "ಶೀನಣ್ಣನೋರೆ, ಊರಿಗೋಸ್ಕರ ಇನ್ನೊಂದು ತ್ಯಾಗ ಮಾಡ್ಬೇಕು. ನಿಮ್ಮ ಮಗಳ ಮದುವೇನ ನಮಗೆ ಬಿಟ್ಟುಕೊಡ್ಬೇಕು."

ಶೀನಣ್ಣ ಯೋಚಿಸುವವನಂತೆ ಕನ್ನಡಕ ಒರೆಸಿದ. "ಊರಿಗೋಸ್ಕರ ಅಂದ ಮೇಲೆ," ಎಂದ.

ಚೂಡಾಮಣಿಯ ಮದುವೆಯಂಥ ಮದುವೆಯನ್ನು ಶಂಕರಪುರ ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಗಂಡಿನ ಕಡೆಯವರು ಇಳಿದುಕೊಂಡ ಕೋಣೆಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೇಶಗಳ ಹೆಸರು. ಗಂಡಿನ ಸೋದರಮಾವಂದಿರು ರಷ್ಯಾ. ಮಲ್ಲೇಶ್ವರದ ಸಂಗೀತದ ಮೇಷ್ಟರ ಕುಟುಂಬ ಜಪಾನ್. ಬೀಗಿತ್ತಿಯವರಿಗೆ ಗಾಳಿ ಬೆಳಕಿನ ಮೂಲೆಯ ಕೋಣೆ, ಫ್ರಾನ್ಸ್. ಪ್ರತಿ ದೇಶದ ಬಾಗಿಲಿಗೆ ಎರಡೆರಡು ಮನೆಯವರ ಕಾವಲು. ಕೇಳುವ ಮೊದಲೇ ಬಿಸಿನೀರು, ಬಾಯಿ ತೆರೆಯುವ ಮೊದಲೇ ಕಾಫಿ. ಚಂದ್ರಶೇಖರಯ್ಯನವರು ಕುಡಿಯುವ ನೀರಿನ ಹಂಡೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ದೊಡ್ಡಬೈರಪ್ಪ ಹಾಸಿಗೆಗಳ ಸುರುಳಿಯನ್ನು ಒಂದೊಂದು ಹೆಗಲಿಗೆ ಎರಡೆರಡರಂತೆ ಹೊತ್ತು ಹಾಕಿದ. ರೇವಣಸಿದ್ದಯ್ಯನವರು ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುತ್ತ, ಬಂದವರಿಗೆಲ್ಲ "ಪ್ರಯಾಣ ಸುಖವಾಗಿತ್ತೇ" ಎಂದು ವಿಚಾರಿಸುತ್ತಿದ್ದರು. ಮಲ್ಲೇಶ್ವರದಿಂದ ಬಸ್ಸಿನಲ್ಲಿ ಬಂದವರು ಏನು ಹೇಳಬೇಕೆಂದು ತಿಳಿಯದೆ ನಕ್ಕರು.

ಬೀಗಿತ್ತಿಯವರು ಕೋಪ ಮಾಡಿಕೊಳ್ಳುವುದಕ್ಕೆಂದೇ ಮನೆಯಿಂದ ತಯಾರಾಗಿ ಬಂದವರು. ಗಂಡಿನ ತಾಯಿ ಒಮ್ಮೆಯಾದರೂ ಮುನಿಸಿಕೊಳ್ಳದಿದ್ದರೆ ಅದೆಂಥ ಮದುವೆ? ಆಕೆ ಬೆಳಗಿನಿಂದ ಒಂದು ನೆಪಕ್ಕಾಗಿ ಹುಡುಕಿದರು. ಚಾಪೆ ಎತ್ತಿ ನೋಡಿದರು, ಕಾಫಿಗೆ ಬೆರಳಿಟ್ಟು ನೋಡಿದರು. ಕೊನೆಗೆ ಸುಮ್ಮನೆ "ತಲೆ ನೋಯ್ತಿದೆ" ಎಂದರು. "ಫ್ರಾನ್ಸಿಗೆ ತಲೆನೋವು" ಎಂಬ ಕೂಗು ಹಜಾರ ದಾಟಿ ಅಡಿಗೆಮನೆ ಮುಟ್ಟಿತು. ನಾಲ್ಕು ಕಡೆಯಿಂದ ನಾಲ್ಕು ಬಗೆಯ ಕಷಾಯ ಬಂದವು. ಆಕೆ ಸೋತು, ಜಾನಕಮ್ಮನ ಕೈ ಹಿಡಿದುಕೊಂಡು, "ನನ್ನ ಮದುವೇಲಿ ನಮ್ಮ ಅತ್ತೆಗೂ ಇಷ್ಟು ಉಪಚಾರ ಆಗಿರಲಿಲ್ಲಮ್ಮ" ಎಂದು ಅತ್ತುಬಿಟ್ಟರು. ಜಾನಕಮ್ಮನೂ ಅತ್ತಳು, ಬೇರೆ ಕಾರಣಕ್ಕೆ.

ಮಾಂಗಲ್ಯಧಾರಣೆಯಾಯಿತು. ಊಟದ ಪಂಕ್ತಿ ನಡೆಯುತ್ತಿರುವಾಗ ಬೀಗರು ರಾಮಸ್ವಾಮಿಗಳು ಕಂಬಕ್ಕೊರಗಿ ನಿಂತು ನೋಡುತ್ತಿದ್ದರು. ಶೀನಣ್ಣ ಅವರ ಬಳಿ ಬಂದು ನಿಂತ. ತಾಳಿ ಬಿದ್ದಾಗಿತ್ತು, ಇನ್ನು ಯಾರ ಭಯವೂ ಇಲ್ಲ. ಆದರೂ ಮಗಳನ್ನು ಕೊಟ್ಟ ಮನೆಯವರ ಹತ್ತಿರ ಇಂಥದ್ದು ಉಳಿಯಬಾರದು ಎಂದು ಅವನಿಗೆ ಅನ್ನಿಸಿತ್ತು.

"ಬೀಗರೇ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಆ ಕ್ರೀಡಾಕೂಟ ನಮ್ಮೂರಿಗೆ ಬರಲ್ಲ. ಅದು ಟೂರಿನ್‌ನಲ್ಲೇ ನಡಿಯೋದು. ನಂಗೆ ಏನೂ ಗೊತ್ತಿಲ್ಲ, ಯಾವತ್ತೂ ಗೊತ್ತಿರಲಿಲ್ಲ."

"ನಂಗೆ ಗೊತ್ತಿತ್ತು," ಎಂದರು ರಾಮಸ್ವಾಮಿಗಳು ಶಾಂತವಾಗಿ. "ನಾನೂ ಪೇಪರ್ ಓದ್ತೀನಿ ಶೀನಣ್ಣನೋರೆ. ಜೀವಮಾನ ಪೂರ್ತಿ ಹುಡುಗರಿಗೆ ಭೂಗೋಳ ಪಾಠ ಮಾಡಿದೋನು. ಒಂದು ಊರಿಗೆ ಅಂತ ಗೊತ್ತಾದ ಕೂಟ ಸಾರಿಗೋಸ್ಕರ ಇನ್ನೊಂದು ಊರಿಗೆ ಬರಲ್ಲ."

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

ರಾಮಸ್ವಾಮಿಗಳು ಪಂಕ್ತಿಯ ಕಡೆ ನೋಡಿದರು. ರಷ್ಯಾಕ್ಕೆ ಪಾಯಸ ಮೂರನೆಯ ಸಲ ಬೀಳುತ್ತಿತ್ತು. ಫ್ರಾನ್ಸು, ಮದುವೆಯಾದ ಲಾಗಾಯ್ತು ತಮ್ಮನ್ನು ನೋಡಿ ನಗದಿದ್ದ ಫ್ರಾನ್ಸು, ಹೋಳಿಗೆ ಮುರಿಯುತ್ತ ನಗುತ್ತಿತ್ತು. ಅವರು ಕನ್ನಡಕ ತೆಗೆದು, ಶಲ್ಯದ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ಅದನ್ನ ನಾನು ಹೇಳೋ ಹಾಗಿಲ್ಲ."

ಕೂಟ ಟೂರಿನ್‌ನಲ್ಲಿ ನಡೆಯಿತು. ಪತ್ರಿಕೆಯಲ್ಲಿ ಒಂದು ಸಣ್ಣ ಮೂಲೆಯಲ್ಲಿ ಬಂದಿತ್ತು. ಟೂರಿನ್‌ನವರು ಊಟಕ್ಕೆ ಏನು ಮಾಡಿದರೆಂದು ಅದರಲ್ಲಿ ಇರಲಿಲ್ಲ. ವಾಚನಾಲಯದ ಜಗಲಿಗೆ ಹೋಗಲು ಶೀನಣ್ಣ ಹೆದರಿದ್ದ. ರೇವಣಸಿದ್ದಯ್ಯನವರೇ ಕರೆಸಿದರು. "ನೀವು ಎದ್ದು ನಿಂತು ಬರಲ್ಲ ಅಂತ ಹೇಳಿದ್ರಿ. ಬರಲಿಲ್ಲ. ನಿಮ್ಮ ಮಾತು ಯಾವತ್ತು ಸುಳ್ಳಾಗಿದೆ?" ಎಂದರು. ಛತ್ರಕ್ಕೆ ಸುಣ್ಣವಾಗಿತ್ತು, ಮೋರಿ ಹರಿಯುತ್ತಿತ್ತು. ದೂರುವುದಕ್ಕೆ ಯಾರಿಗೂ ಏನೂ ಇರಲಿಲ್ಲ.

ಕಲ್ಯಾಣಮ್ಮ ಒಬ್ಬರು ಮಾತ್ರ ಗುರುವಾರ ಬಂದರೆ ಸ್ವಲ್ಪ ಹೊತ್ತು ಹೊಸಲ ಬಳಿ ನಿಲ್ಲುತ್ತಿದ್ದರು. ಹೆಸರುಬೇಳೆ ತೊವ್ವೆ ಮಾಡುತ್ತಿದ್ದರು.

ಚೂಡಾಮಣಿಯನ್ನು ರೂರ್ಕೆಲಾಗೆ ಕಳಿಸಲು ಇಡೀ ಬೀದಿಯೇ ಸಿಟಿ ಸ್ಟೇಷನ್ನಿಗೆ ಹೋಗಿತ್ತು. ಹಾಸಿಗೆ ಸುರುಳಿ, ಹಿತ್ತಾಳೆ ಡಬ್ಬ, ಹಪ್ಪಳದ ಗಂಟು. ಮದರಾಸಿನ ರೈಲು ನಿಂತಿತ್ತು. ಮಾತಿನ ನಡುವೆ ಅಳಿಯ ಹೇಳಿದ, ಆ ಕಾರ್ಖಾನೆ ಕಟ್ಟುವುದಕ್ಕೆ ಜರ್ಮನಿಯಿಂದ ಇಂಜಿನಿಯರುಗಳು ಬಂದಿದ್ದಾರೆ, ತಾನು ಅವರ ಕೈಕೆಳಗೇ ಕೆಲಸ ಮಾಡುವುದು ಎಂದು.

ಕಲ್ಯಾಣಮ್ಮ ಆ ಕಡೆ ತಿರುಗಿದರು. "ಜರ್ಮನಿಯೋರೇ? ಅಲ್ಲೇ ಇರ್ತಾರಾ?"

"ಬೇಕಾದಷ್ಟು ಜನ ಇದಾರೆ ಅಜ್ಜಿ. ಚಿಕ್ಕ ವಯಸ್ಸಿನೋರು, ಮನೆ ಮಠ ಬಿಟ್ಟು ಬಂದೋರು."

ಪ್ಲಾಟ್‌ಫಾರಂ ತುಂಬ ಜನ. ಯಾರಾದರೂ ತಾಕುತ್ತಾರೆಂಬ ಯೋಚನೆಯೇ ಇಲ್ಲದೆ ಕಲ್ಯಾಣಮ್ಮ ಗುಂಪನ್ನು ಸರಿಸಿಕೊಂಡು ಕಿಟಕಿಯ ಹತ್ತಿರ ಬಂದರು. ತಮ್ಮ ಮಡಿ ಚೀಲದಿಂದ ಸಾರಿನಪುಡಿಯ ಡಬ್ಬ ತೆಗೆದು ಚೂಡಾಮಣಿಯ ಕೈಯಲ್ಲಿಟ್ಟರು.

"ಗುರುವಾರ ಒಬ್ಬನ್ನ ಕರೆದು ಎಲೆ ಹಾಕು ಮಗೂ. ಯಾರಾದ್ರೂ ಆಗ್ಲಿ. ಆ ದಿನ ಮಾತ್ರ ಖಾರ ಕಡಿಮೆ ಹಾಕು."

"ಹಾಕ್ತೀನಿ ಅಜ್ಜಿ," ಎಂದಳು ಚೂಡಾಮಣಿ. ಆಮೇಲೆ ಅಪ್ಪನ ಕಡೆ ನೋಡಿ, "ಬರ್ತೀನಿ ಅಪ್ಪ" ಎಂದಳು. ರೈಲು ಹೊರಟಿತು.

ರೈಲಿನ ಕೊನೆಯ ಡಬ್ಬಿ ಕಣ್ಮರೆಯಾಗುವವರೆಗೂ ಬೀದಿಗೆ ಬೀದಿಯೇ ನಿಂತು ನೋಡಿತು. ಯಾರಾದರೂ ಏನಾದರೂ ಮಾತಾಡಬೇಕಲ್ಲ ಎಂದು ವಿಶಾಲಮ್ಮ ಕೇಳಿದರು.

"ಚೂಡಾಮಣಿ ಮತ್ತೆ ಯಾವಾಗ ಬರ್ತಾಳೆ ಶೀನಣ್ಣನೋರೆ?"

ಶೀನಣ್ಣ ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಳ್ಳಲು ಹೋಗಿ, ಪುನಃ ಒರೆಸಿದ.

"ಗೊತ್ತಿಲ್ಲಮ್ಮ," ಎಂದ.

ಈ ಸಲ ಎಲ್ಲರೂ ನಂಬಿದರು.